ಹರಗೋಲಿನಲ್ಲಿ ನನ್ನ ಜಾಗ

ಅಪ್ಪ ಮತ್ತು ದೊಡ್ಡಪ್ಪ ಆರು ವರ್ಷ ಒಬ್ಬರ ಕೂಡ ಒಬ್ಬರು ಮಾತಾಡಲಿಲ್ಲ. ಆ ಆರೂ ವರ್ಷ ಅವರು ಒಂದೇ ಮನೆಯಲ್ಲಿ ಉಂಡರು, ಒಂದೇ ಪಡಸಾಲೆಯಲ್ಲಿ ಮಲಗಿದರು, ಒಂದೇ ಹರಗೋಲಿನಲ್ಲಿ ಕೂತು ಹಿನ್ನೀರು ದಾಟಿದರು. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುವ ಕೆಲಸ ನನ್ನದು. ನಾಲ್ಕು ವರ್ಷದವಳಿದ್ದಾಗ ಹಿಡಿಸಿದ ಆ ಕೆಲಸವನ್ನು ಹತ್ತು ತುಂಬುವವರೆಗೆ ಮಾಡಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಅಣ್ಣ ತಮ್ಮಂದಿರ ಜಗಳದಲ್ಲಿ ಈ ಕೂಸು ಬಡವಾಗಲಿಲ್ಲ, ಕೆಟ್ಟಿತು. ನನ್ನ ನಾಲಿಗೆ ಹರಿತ ಎಂದು ಗಂಡನ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಊರಿನಿಂದ ಈಗ ಎರಡೂ ಕಡೆಯವರು ಫೋನು ಮಾಡಿ, ಅವರಿಗೆ ಹಿಂಗ ಹೇಳು, ಇವರಿಗೆ ಹಂಗ ಹೇಳು ಎಂದು ಶುರು ಮಾಡಿದರೆ, ನೀವ ಹೇಳ್ಕೋರಿ ಎಂದು ನಾನು ಫೋನು ಇಟ್ಟುಬಿಡುತ್ತೇನೆ.

ಜಗಳ ಹುಟ್ಟಿದ್ದು ಹೊಸ ಮನೆಯ ಹೊಸ್ತಿಲಿನಲ್ಲಿ. ಘಟಪ್ರಭೆಗೆ ಆಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರು ಮುಳುಗುವ ಮೊದಲು, ನಮ್ಮನ್ನೆಲ್ಲ ಕಲಾದಗಿಯ ಕೆಳಗಿನ ಒಂದು ದಿಬ್ಬಕ್ಕೆ ಎಬ್ಬಿಸಿದ್ದರು. ಹಳೆಯ ಮನೆಯ ಬಾಗಿಲು, ತೊಲೆ, ಒಳಕಲ್ಲು ಎಲ್ಲ ಕಿತ್ತು ಟ್ರ್ಯಾಕ್ಟರಿನಲ್ಲಿ ತಂದದ್ದಾಯಿತು. ಕೊನೆಗೆ ಉಳಿದದ್ದು ಬೀರಪ್ಪನ ಪೆಟ್ಟಿಗೆ. ದೇವರ ಬೆತ್ತ, ಒಂದು ಹಳೆಯ ಕಂಬಳಿ, ಭಂಡಾರ ಎಂದು ನಾವು ಕರೆಯುವ ದೇವರ ಅರಿಶಿನಪುಡಿ ಅದರಲ್ಲಿ. ಅದನ್ನು ತಲೆಯ ಮೇಲೆ ಹೊತ್ತು ಮೊದಲು ಹೊಸ್ತಿಲು ದಾಟುವವನು ಯಾರು ಎಂಬುದೇ ತಕರಾರು. ಹಿರಿಯ ನಾನು ಎಂದು ದೊಡ್ಡಪ್ಪ. ವರ್ಷದಲ್ಲಿ ಎಂಟು ತಿಂಗಳು ನೀ ಕುರಿ ಹಿಂದೆ ಅಡವಿಯಲ್ಲಿ, ದೀಪ ಹಚ್ಚಿದವನು ನಾನು ಎಂದು ಅಪ್ಪ. ಇಬ್ಬರೂ ಜಗ್ಗಿದರು, ಪೆಟ್ಟಿಗೆ ಬಿತ್ತು, ಭಂಡಾರ ಹೊಸ್ತಿಲ ತುಂಬ ಚೆಲ್ಲಿತು. ಊರ ಮಂದಿಯ ಎದುರು ಅವಮಾನವಾದದ್ದಕ್ಕೆ ಇಬ್ಬರೂ ಅಲ್ಲಿಯೇ ಕೂತು, ಚೆಲ್ಲಿದ ಅದೇ ಭಂಡಾರವನ್ನು ಮುಷ್ಟಿಯಲ್ಲಿ ಹಿಡಿದು, ಇನ್ನು ಇವನ ಕೂಡ ಮಾತಾಡಿದರೆ ಬೀರಪ್ಪನ ಆಣೆ ಎಂದರು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಎಲ್ಲರ ಮನೆಗೂ ಇದೆ. ಆದರೆ ಆಣೆ ಇಟ್ಟ ಮೇಲೂ ಬೇರೆಯಾಗದೆ ಒಂದೇ ಪರಿಯಾಣದ ತಟ್ಟೆಯಿಂದ ರೊಟ್ಟಿ ಮುರಿಯುತ್ತ ಕೂತವರು ನಮ್ಮವರೇ ಇರಬೇಕು.

ಬೇರೆಯಾಗಲು ಆಯಿ ಬಿಡಲಿಲ್ಲ. ಅಪ್ಪನ ತಾಯಿ ಅವಳು. ತೆಳ್ಳಗೆ, ಕೋಲಿನ ಹಾಗೆ ಸೆಟೆದ ಹೆಂಗಸು. ನಾ ಸತ್ತ ಮ್ಯಾಲ ಮನಿ ನಡುವ ಗ್ವಾಡಿ ಹಾಕ್ಕೋರಿ ಎಂದಳು. ಆಮೇಲೆ ನನ್ನನ್ನು ಕರೆದು ಇಬ್ಬರ ನಡುವೆ ಕೂರಿಸಿದಳು. ದೊಡ್ಡಪ್ಪನ ಹೆಣ್ಣುಮಕ್ಕಳಿಬ್ಬರೂ ಲಗ್ನವಾಗಿ ಇಳಕಲ್ಲಿಗೊಬ್ಬಳು, ಹುನಗುಂದಕ್ಕೊಬ್ಬಳು ಹೋಗಿಯಾಗಿತ್ತು. ಮನೆಯಲ್ಲಿದ್ದ ಮಗು ನಾನೊಬ್ಬಳೇ. ಊಟಕ್ಕೆ ಕೂತರೆ ಅಪ್ಪನ ಮುಖ ಅಡುಗೆಮನೆಯ ಕಡೆ, ದೊಡ್ಡಪ್ಪನ ಮುಖ ಬಾಗಿಲ ಕಡೆ. ಪುಂಡಿಪಲ್ಯದ ಗಡಿಗೆ, ಉಪ್ಪಿನ ಬಟ್ಟಲು ನನ್ನ ಮುಂದೆ.

"ಏ ಹುಡುಗಿ, ನಿಮ್ಮಪ್ಪಗ ಹೇಳು, ನಾಳಿ ಕುರಿ ಉಣ್ಣಿ ಕತ್ತರಸೂದೈತಿ, ಜಲ್ದಿ ಏಳು ಅನ್ನು."

"ಅಪ್ಪಾ, ನಾಳಿ ಉಣ್ಣಿ ಕತ್ತರಸೂದೈತಂತ, ಜಲ್ದಿ ಏಳಬೇಕಂತ."

"ನಿಮ್ಮ ದೊಡ್ಡಪ್ಪಗ ಹೇಳು, ನಾ ದಿನಾ ಜಲ್ದೀನ ಏಳ್ತೇನಿ, ಮಕ್ಕೊಳ್ಳಾವ ಯಾರಂತ ಊರಿಗೆ ಗೊತ್ತೈತಿ ಅನ್ನು."

ಅವರಿಬ್ಬರ ಬೆನ್ನಿನ ನಡುವೆ ಒಂದು ಮೊಳ ಜಾಗವಿರಲಿಲ್ಲ. ಇವನು ಆಡಿದ್ದು ಅವನ ಕಿವಿಗೆ ಬೀಳದೆ ಇರುವುದೆಂತು? ಆದರೂ ನನ್ನ ಬಾಯಿಂದ ಹೊರಡುವವರೆಗೆ ಅದು ಮಾತೇ ಅಲ್ಲ. ನಾನು ತುತ್ತು ಅಗಿಯುತ್ತಿದ್ದರೆ ಅದನ್ನು ನುಂಗುವವರೆಗೆ ಅಪ್ಪ ಕಾಯುತ್ತಿದ್ದ, ಕೇಳೇ ಇಲ್ಲವೆಂಬಂತೆ ರೊಟ್ಟಿ ಮುರಿಯುತ್ತಿದ್ದ. ಬಿರುಸು ಮಾತು ಬಂದರೆ ಸ್ವಲ್ಪ ಮೆತ್ತಗೆ ಮಾಡಿ ಹೇಳು ಎಂದು ಅವ್ವ ಅಡುಗೆಮನೆಯಿಂದ ಕಣ್ಣುಸನ್ನೆ ಮಾಡುತ್ತಿದ್ದಳು. ಒಂದು ಅಕ್ಷರ ಬಿಟ್ಟರೂ ಆಯಿಯ ಕೋಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಆದರೂ ನಾನು ಒಳ್ಳೆಯ ಮಾತನ್ನು ಮರೆಯುತ್ತಿದ್ದೆ, ಬೈಗುಳವನ್ನು ಮಾತ್ರ ಒತ್ತಕ್ಷರ ಸಹಿತ ಮುಟ್ಟಿಸುತ್ತಿದ್ದೆ. ಸುಳ್ಳೇಕೆ, ನನಗೆ ಅದರಲ್ಲಿ ಖುಷಿಯಿತ್ತು. ಇಬ್ಬರು ದೊಡ್ಡ ಗಂಡಸರು ನನ್ನ ಬಾಯನ್ನು ನೋಡುತ್ತ ಕೂರುವುದು ಸಣ್ಣ ಸಂಗತಿಯಲ್ಲ.

ಆ ಮನೆಯಲ್ಲಿ ಅವ್ವನದು ಎಂದು ಇದ್ದದ್ದು ಮೂರು ಕುರಿ. ಮಗಳನ್ನು ಕೊಡುವಾಗ ತವರಿನವರು ಒಂದು ಹೆಣ್ಣು ಕುರಿ ಹೊಡೆದು ಕಳಿಸುವುದು ನಮ್ಮಲ್ಲಿ ರೂಢಿ. ಅದು ಹಾಕಿದ ಮರಿ, ಮರಿಯ ಮರಿ ಎಲ್ಲ ಅವಳದ್ದೇ. ಮನೆಯ ಹಿಂಡಿನ ಕಿವಿಗೆ ಎಡಕ್ಕೆ ಗುರುತು ಕೊಯ್ದಿದ್ದರೆ ಅವ್ವನವಕ್ಕೆ ಬಲಕ್ಕೆ. ಈ ಬಲಗಿವಿಯ ಮೇಲೆ ಆಯಿಗೂ ದೊಡ್ಡವ್ವನಿಗೂ ಕಣ್ಣು. ಒಂದು ಹಟ್ಟಿಯ ಮೇವು ತಿಂದ ಕುರಿಗೆ ಎರಡು ಗುರುತು ಯಾಕೆ ಎಂದು ದೊಡ್ಡವ್ವ ರೊಟ್ಟಿ ಬಡಿಯುತ್ತ ದಿನಕ್ಕೊಮ್ಮೆ ಎತ್ತುತ್ತಿದ್ದಳು. ಅವ್ವ ಸಂಜೆ ಹೊತ್ತು ಹಟ್ಟಿಗೆ ಹೋಗಿ ಆ ಮೂರನ್ನೇ ಹುಡುಕಿ ಬೆನ್ನು ಸವರಿ ಬರುತ್ತಿದ್ದಳು. ಗಂಡ ತನ್ನವನಲ್ಲ, ಅವನು ಜಗಳದವನು, ಮನೆ ಅತ್ತೆಯದು, ಮಗಳನ್ನು ಪಡಸಾಲೆಯವರು ತೆಗೆದುಕೊಂಡಿದ್ದರು. ಕುರಿಯಾದರೂ ಇರಲಿ ಎಂದು ಅವಳಿಗೆ ಅನ್ನಿಸಿರಬೇಕು.

ಹಿನ್ನೀರಿನ ನಡುವೆ ನಮ್ಮ ದಿಬ್ಬಕ್ಕೆ ಎದುರಾಗಿ ಒಂದು ಗುಡ್ಡವಿತ್ತು. ಮಳೆಗಾಲದಲ್ಲಿ ನೀರು ತುಂಬಿದಾಗ ಅದು ನಡುಗಡ್ಡೆ. ಮೇಲೆ ಹುಲ್ಲು ಹುಲುಸು, ತೋಳದ ಭಯವಿಲ್ಲ, ಕಾಯುವವರೂ ಬೇಡ. ಹಾಗಾಗಿ ಗಬ್ಬದ ಕುರಿಗಳನ್ನು ಕಾಲು ಕಟ್ಟಿ ಹರಗೋಲಿನಲ್ಲಿ ಸಾಗಿಸಿ ಅಲ್ಲಿ ಬಿಟ್ಟು ಬರುವುದನ್ನು ದೊಡ್ಡಪ್ಪ ಕಂಡುಹಿಡಿದಿದ್ದ. ಬಿದಿರಿನ ಹೆಣಿಗೆಗೆ ಗೊಬ್ಬರದ ಚೀಲ ಸುತ್ತಿ ಡಾಂಬರು ಬಳಿದ ದುಂಡನೆಯ ಹರಗೋಲು ನಮ್ಮದು. ಒಬ್ಬನೇ ಹುಟ್ಟು ಹಾಕಿದರೆ ಬುಗುರಿಯಂತೆ ನಿಂತಲ್ಲೇ ತಿರುಗುತ್ತದೆ. ಕುರಿ ಹೇರಿದ ಮೇಲಂತೂ ಈ ಕಡೆ ಒಬ್ಬ, ಆ ಕಡೆ ಒಬ್ಬ ಬೇಕೇ ಬೇಕು. ಅಣ್ಣ ತಮ್ಮಂದಿರು ಎದುರುಬದುರು, ನಡುವೆ ನಾನು. ಮನೆಯಲ್ಲಾದರೆ ಬೆನ್ನು ತಿರುಗಿಸಬಹುದಿತ್ತು; ಅಲ್ಲಿ ಮುಖ ನೋಡದೆ ಗತಿಯಿರಲಿಲ್ಲ. ಇಬ್ಬರೂ ನನ್ನ ನೆತ್ತಿಯನ್ನೇ ನೋಡುತ್ತ ಹುಟ್ಟು ಹಾಕುತ್ತಿದ್ದರು.

ಗುಡ್ಡದ ಆಚೆಯ ಮೈ ಬರೀ ಬಂಡೆ. ಕೆಂಪು ಕಲ್ಲು ಗೋಡೆ ಕಟ್ಟಿದ ಹಾಗೆ ನೇರ ನೀರಿಗೆ ಇಳಿದಿತ್ತು, ಬುಡದಲ್ಲಿ ಸಾಲಾಗಿ ಗವಿಗಳು. ಹೊಳೆ ಕೆಳಗೆ ಹರಿಯುತ್ತಿದ್ದ ಕಾಲಕ್ಕೆ ದೊಡ್ಡಪ್ಪ ಅಲ್ಲಿಯೇ ಕುರಿ ತರುಬಿ ನಿಲ್ಲಿಸುತ್ತಿದ್ದನಂತೆ. ಈಗ ಹೆಚ್ಚಿನವಕ್ಕೆ ನೀರಿನಿಂದಲೇ ದಾರಿ. ದಂಡೆ ಹಿಡಿದು ಸುತ್ತುವಾಗ ಒಂದೊಂದರೊಳಗೂ ನುಗ್ಗಿ ನೋಡುವುದು ನನ್ನ ಆಸೆ. ಒಂದರಲ್ಲಿ ಜೇನು ಕಟ್ಟಿತ್ತು, ಉಸಿರು ಬಿಗಿಹಿಡಿದು ದಾಟಬೇಕು. ಇನ್ನೊಂದರ ಒಳಗೋಡೆಯಲ್ಲಿ ಯಾವ ಕಾಲದ್ದೋ ಕೆಂಪು ಗೆರೆಯ ಎತ್ತು, ಅದರ ಹೊಟ್ಟೆಯವರೆಗೆ ನೀರು. ಮಧ್ಯದ ಗವಿ ಎಲ್ಲಕ್ಕಿಂತ ದೊಡ್ಡದು, ಗುಡ್ಡದಿಂದ ಕುರಿ ಇಳಿಯುವಷ್ಟು ಸಣ್ಣ ಕಾಲುದಾರಿ ಅದಕ್ಕೊಂದಕ್ಕೇ ಇತ್ತು, ಆದರೆ ಬಾಯಿ ಗಿಡ್ಡ. ಹರಗೋಲಿನಲ್ಲಿ ಮೂವರೂ ಅಂಗಾತ ಮಲಗಿ, ಮೇಲಿನ ಕಲ್ಲಿಗೆ ಅಂಗೈ ಕೊಟ್ಟು ನಡೆಸಿಕೊಂಡು ಒಳಗೆ ಹೋಗಬೇಕು. ಒಳಗೆ ಹೋದರೆ ನೀರಿನ ಬೆಳಕು ಮಾಳಿಗೆಯ ಮೇಲೆ ಕುಣಿಯುತ್ತಿತ್ತು, ಬಾವಲಿಯ ಹಿಕ್ಕೆಯ ನಾತ ಮೂಗಿಗೆ ಅಡರುತ್ತಿತ್ತು, ಹಿಂದೆ ಆಳೆತ್ತರದ ಕಟ್ಟೆಯಂಥ ಬಂಡೆ. ಅಲ್ಲಿ ಆಡಿದ ಮಾತನ್ನು ಕಲ್ಲು ತಿರುಗಿ ಆಡುತ್ತಿತ್ತು. ನಿಮ್ಮಪ್ಪಗ ಹೇಳು ಎಂದು ದೊಡ್ಡಪ್ಪ ಅಂದರೆ ನಾನು ಬಾಯಿ ತೆರೆಯುವುದರೊಳಗೆ ಗವಿಯೇ ಎರಡು ಸಲ ಹೇಳಿ ಮುಗಿಸುತ್ತಿತ್ತು. ಅಪ್ಪ ಆಗಲೂ ನನ್ನ ಬಾಯನ್ನೇ ನೋಡುತ್ತಿದ್ದ.

ಆ ವರ್ಷ ಗುಡ್ಡದ ಮೇಲೆ ಎಂಟು ಕುರಿ ಬಿಟ್ಟಿದ್ದೆವು. ದೇವರಿಗೆ ಬಿಟ್ಟ ಟಗರು ಒಂದು, ಮನೆಯವು ನಾಲ್ಕು, ಅವ್ವನವು ಮೂರು. ಒಂದು ಮಧ್ಯಾಹ್ನ ಹಿನ್ನೀರಿನಲ್ಲಿ ಮೀನು ಹಿಡಿಯುವ ರಾಜೇಸಾಬ ಕಾಕಾ ಮನೆಯ ತನಕ ಓಡಿ ಬಂದ.

"ಮ್ಯಾಲಿಂದ ನೀರ ಬಿಟ್ಟಾರ. ಮಳಿ ಹೊಡತಕ್ಕ ನಿಮ್ಮ ಕುರಿ ನಡುವಿನ ಗವಿಯಾಗ ಹೊಕ್ಕೊಂಡಾವು. ಕಾಲದಾರಿ ಮುಳಗೇತಿ. ಸಂಜಿಮುಂದ ಗವಿ ಬಾಯಿ ಮುಚ್ಚತೈತಿ ನೋಡ್ರಿ."

ಅಣ್ಣ ತಮ್ಮ ಇಬ್ಬರೂ ಎದ್ದರು. ಎಂಟೂ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಯಾವುದು ಮೊದಲು ಎಂದು ಯಾರೂ ಕೇಳುವ ಮೊದಲೇ ದೊಡ್ಡಪ್ಪ ನನ್ನ ಕಡೆ ತಿರುಗಿದ.

"ನಿಮ್ಮಪ್ಪಗ ಹೇಳು, ಮೊದಲ ದೇವರ ಟಗರು, ಆಮ್ಯಾಲ ಮನಿ ಕುರಿ. ತವರಮನಿ ಕುರಿ ಕಡೀಕ ಅನ್ನು."

ಅವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ಆ ಮಾತನ್ನು ಅಪ್ಪನಿಗೆ ಮುಟ್ಟಿಸುವಾಗ ಅವಳು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ಚುಚ್ಚುತ್ತದೆ. ಅಪ್ಪ ಒಂದು ಮಾತು ಅವಳ ಪರವಾಗಿ ಆಡಬಹುದಿತ್ತು. ಆಡಲಿಲ್ಲ. ಅಣ್ಣನಿಗೆ ಎದುರು ಹೇಳಲು ಆರು ವರ್ಷ ನೆವ ಹುಡುಕಿದವನಿಗೆ ಅವತ್ತು ನೆವ ಸಿಗಲಿಲ್ಲ.

ಮೊದಲ ಸಲ ಐದನ್ನೂ ತಂದು ದಂಡೆಗೆ ಇಳಿಸಿ, ಎರಡನೆಯ ಸಲ ಹೋಗುವುದರೊಳಗೆ ನೀರು ಕಂಡಾಪಟ್ಟೆ ಏರಿತ್ತು. ಗವಿಯ ಬಾಯಿಯಲ್ಲಿ ಹರಗೋಲಿನ ಅಂಚಿಗೂ ಮೇಲಿನ ಕಲ್ಲಿಗೂ ನಡುವೆ ಒಂದು ಗೇಣು ಉಳಿದಿತ್ತು. ಅಂಗಾತ ಮಲಗಿ ಒಳಗೆ ಹೋದೆವು. ಅವ್ವನ ಕುರಿಗಳು ಹಿಂದಿನ ಎತ್ತರದ ಬಂಡೆಯ ಮೇಲೆ ಒತ್ತೊತ್ತಾಗಿ ನಿಂತಿದ್ದವು. ಅಪ್ಪ ಬಂಡೆಗೆ ಹತ್ತಿದ. ದೊಡ್ಡಪ್ಪ ಬಾಯಿಯ ಹತ್ತಿರವೇ ಹರಗೋಲನ್ನು ಹಿಡಿದು ನಿಲ್ಲಿಸಿ, ಘಳಿಗೆಗೊಮ್ಮೆ ಕೈಯಿಟ್ಟು ಸಂದು ಅಳೆಯುತ್ತಿದ್ದ. ಎರಡು ಕುರಿ ಕಾಲು ಕಟ್ಟಿ ಇಳಿಸಿದ್ದಾಯಿತು. ಮೂರನೆಯದು, ದಿನ ತುಂಬಿದ್ದು, ಕೈಗೆ ಸಿಗದೆ ಮೂಲೆ ಸೇರಿತು.

"ಏ ಹುಡುಗಿ, ನಿಮ್ಮಪ್ಪಗ ಹೇಳು, ನೀರ ಏರಾಕತ್ತೈತಿ, ಅದೊಂದ ಕುರಿ ಬಿಟ್ಟ ಬಾ ಅನ್ನು. ಅಷ್ಟ ಎತ್ತರಕ್ಕ ನೀರ ಹೋಗೂದಿಲ್ಲ, ಅದು ಬದಕತೈತಿ. ನೀರ ಇಳದ ಮ್ಯಾಲ ಒಯ್ಯೂಣು."

ಅವನು ಹೇಳಿದ್ದು ಖರೆಯೇ ಇತ್ತು. ಆ ಗವಿಯನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೆ ನನ್ನ ಕಿವಿಯಲ್ಲಿ ಇದ್ದದ್ದು ತವರಮನಿ ಕುರಿ ಕಡೀಕ ಎಂಬ ಮಾತು. ದೇವರ ಟಗರಾಗಿದ್ದರೆ ಬಿಟ್ಟು ಬಾ ಅನ್ನುತ್ತಿದ್ದನೇ? ನಾನು ತುಟಿ ಕಚ್ಚಿ ಕೂತೆ. ಗವಿ ಎಂದಿನಂತೆ ಬಿಟ್ಟ ಬಾ, ಬಿಟ್ಟ ಬಾ ಎಂದಿತು. ಅಪ್ಪ ತಿರುಗಿ ನನ್ನನ್ನು ನೋಡಿದ. ನಾನು ನೀರನ್ನು ನೋಡಿದೆ. ಆರು ವರ್ಷದಲ್ಲಿ ಬೈಗುಳ ಹೆಚ್ಚಿಸಿದ್ದೆ, ಒಳ್ಳೆಯದು ಮರೆತಿದ್ದೆ. ಬೇಕೆಂದೇ ಒಂದು ಮಾತನ್ನು ನುಂಗಿದ್ದು ಅದೇ ಮೊದಲು. ಅಪ್ಪ ಮತ್ತೆ ಆ ಕಡೆ ತಿರುಗಿ ಕುರಿಯ ಹಿಂದೆ ಹೋದ.

ಅದನ್ನು ಹಿಡಿದು ಕಟ್ಟಿ ತರುವಾಗ ಸಂದು ನಾಲ್ಕು ಬೆರಳಿಗೆ ಬಂದಿತ್ತು. ದೊಡ್ಡಪ್ಪ ನನ್ನನ್ನು ಕುರಿಗಳ ನಡುವೆ ತಳ್ಳಿ ತಲೆ ಬಗ್ಗಿಸೆಂದ. ಅವನು ಮುಂದೆ ಮಲಗಿ ಕಲ್ಲಿಗೆ ಕೈಕೊಟ್ಟು ಎಳೆಯತೊಡಗಿದ, ಅಪ್ಪ ಹಿಂದಿನಿಂದ ಹುಟ್ಟಿನಲ್ಲಿ ದೂಡುತ್ತಿದ್ದ. ಅರ್ಧ ಹೊರಗೆ ಬಂದಿರಬೇಕು, ಹೊರಗಿನಿಂದ ನೀರಿನ ಒಂದು ಉಬ್ಬು ಬಂತು. ಹರಗೋಲು ಎದ್ದು ಮೇಲಿನ ಕಲ್ಲಿಗೆ ಕಚ್ಚಿಕೊಂಡಿತು, ಅಂಚಿಗೂ ಕಲ್ಲಿಗೂ ನಡುವೆ ದೊಡ್ಡಪ್ಪನ ಬಲಗೈ.

"ಹೇಳ ನಿಮ್ಮಪ್ಪಗ," ಎಂದ ದೊಡ್ಡಪ್ಪ. ಕೂಗಲಿಲ್ಲ, ಹಲ್ಲು ಕಚ್ಚಿ ಎಂದ. "ಹಿಂದಕ್ಕ ಜಗ್ಗು ಅನ್ನು."

ತಲೆಯೆತ್ತಿ ಅಪ್ಪನನ್ನು ನೋಡಿದೆ. ಅವನು ಹುಟ್ಟನ್ನು ಕೈಯಲ್ಲಿ ಹಿಡಿದು ನನ್ನ ಬಾಯಿ ನೋಡುತ್ತಲೇ ಇದ್ದ. ಅಪ್ಪಾ, ಹಿಂದಕ್ಕ ಜಗ್ಗಂತ ಎಂದು ನಾನು ಚೀರಿದ ಮೇಲೆ ಜಗ್ಗಿದ. ನಡುವೆ ಹೋದದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಇನ್ನೊಂದು ಉಬ್ಬು ಬಂದು ಹೋಗಿತ್ತು.

ಉಬ್ಬು ಇಳಿದ ಮೇಲೆ ಹೇಗೋ ಹೊರಬಿದ್ದೆವು. ದಂಡೆಯಲ್ಲಿ ರಾಜೇಸಾಬ ಕಾಕಾ ತನ್ನ ಲುಂಗಿ ಹರಿದು ಕೈಗೆ ಸುತ್ತಿ, ಗಾಡಿಯ ಹಿಂದೆ ಕೂರಿಸಿಕೊಂಡು ಬಾಗಲಕೋಟೆಯ ದವಾಖಾನೆಗೆ ಒಯ್ದ. ಎರಡು ಬೆರಳು ತೆಗೆದರು. ದೊಡ್ಡಪ್ಪ ಮನೆಗೆ ಬರುವವರೆಗಿನ ಮೂರು ದಿನ ದೊಡ್ಡವ್ವ ಅವ್ವನನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವ್ವ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ನಮಗೆ ರೊಟ್ಟಿ ಬೇಯಿಸಿದಳು. ಕುರಿಗಳನ್ನು ತನ್ನ ಕಣ್ಣೆದುರೇ ಕಟ್ಟಿಕೊಂಡಿದ್ದಳು. ದಿನ ತುಂಬಿದ್ದು ಎರಡು ಮರಿ ಹಾಕಿತು. ಗವಿಯಲ್ಲಿ ಏನಾಯಿತೆಂದು ಅವಳು ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕನೆಯ ದಿನ ಊಟವಾದ ಮೇಲೆ ಆಯಿ ಎಲ್ಲರನ್ನೂ ಪಡಸಾಲೆಗೆ ಕರೆದಳು. ದೊಡ್ಡಪ್ಪ ಬಿಳಿ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದು ಕಂಬಕ್ಕೆ ಒರಗಿದ್ದ. ಅಪ್ಪ ಎದುರು ಗೋಡೆಗೆ. ಅವ್ವ ಒಳಬಾಗಿಲ ಮರೆಗೆ. ಆಯಿ ಪೆಟ್ಟಿಗೆ ತೆಗೆದು ಭಂಡಾರದ ಬಟ್ಟಲನ್ನು ನನ್ನ ಮುಂದೆ ಇಟ್ಟಳು.

"ಇದರಾಗ ಕೈ ಇಟ್ಟ ಹೇಳು. ಕುರಿ ಬಿಟ್ಟ ಬಾ ಅಂತ ನಿಮ್ಮ ದೊಡ್ಡಪ್ಪ ಹೇಳಿದ್ದನ್ನ ನಿಮ್ಮಪ್ಪಗ ಹೇಳಿದೇನು? ಹೇಳಿದ್ರ ತಪ್ಪು ಅವಂದು, ಅವನ ಕೂಡ ನಾ ನೋಡ್ಕೋತೇನಿ. ಹೇಳಿಲ್ಲಂದ್ರ ತಾಯಿ ಕುರಿ ಸಲುವಾಗಿ ಮಗಳು ಬಾಯಿ ಮುಚ್ಚಿದಂಗಾತು. ಹಂಗಿದ್ರ ಆ ಕುರಿ ಮರಿ ಯಾವೂ ಈ ಹೊಸ್ತಿಲದಾಗ ನಿಲ್ಲಂಗಿಲ್ಲ."

ಒಳಬಾಗಿಲಲ್ಲಿ ಬಳೆಯ ಸದ್ದು ನಿಂತಿತು. ನಾನು ಬಟ್ಟಲಿನಲ್ಲಿ ಬಲಗೈ ಇಟ್ಟೆ. ಪುಡಿ ತಣ್ಣಗಿತ್ತು. ಬೀರಪ್ಪನ ಭಯ ನನಗೆ ಇರಲಿಲ್ಲ ಎಂದರೆ ಸುಳ್ಳು. ಸುಳ್ಳಾಡಿದವರ ನಾಲಿಗೆ ಬಿದ್ದುಹೋಗುತ್ತದೆ ಎಂದು ನಂಬಿದ್ದೆ.

"ಹೇಳಿದ್ನಿ," ಎಂದೆ.

ಆಯಿ ಅಪ್ಪನ ಕಡೆ ತಿರುಗಿದಳು. "ಹುಡುಗಿ ಹೇಳ್ಯಾಳ. ನೀ ಯಾಕ ಬರಲಿಲ್ಲ?"

ಅಪ್ಪನಿಗೆ ಗೊತ್ತಿತ್ತು. ಇಲ್ಲ, ಅವಳು ಹೇಳಲಿಲ್ಲ ಎಂದು ಒಂದು ಮಾತು ಅಂದಿದ್ದರೆ ಅವನು ಪಾರಾಗುತ್ತಿದ್ದ. ಅವನು ನೆಲ ನೋಡುತ್ತ ಕೂತ. ನನ್ನನ್ನು ಉಳಿಸಲಿಕ್ಕೋ, ಅವ್ವನನ್ನೋ, ಇಲ್ಲ ಮಾತು ಬಾರದೆಯೋ, ಇವತ್ತಿಗೂ ನನಗೆ ತಿಳಿದಿಲ್ಲ. ಆಗ ಕಂಬದ ಕಡೆಯಿಂದ ದೊಡ್ಡಪ್ಪ ಬಾಯಿ ತೆರೆದ. ನಾನು ಅಭ್ಯಾಸಬಲದಿಂದ ಅವನ ಕಡೆ ತಿರುಗಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ನೇರ ತಮ್ಮನ ಮುಖ ನೋಡುತ್ತಿದ್ದ.

"ನೀ ಕೇಳಿದ್ದಿ."

ಆಯಿಯ ಕೈ ಬಟ್ಟಲಿನ ಮೇಲೆ ಹಾಗೆಯೇ ನಿಂತಿತ್ತು. ಅಪ್ಪ ಕತ್ತೆತ್ತಿ ಅಣ್ಣನ ಬಟ್ಟೆ ಸುತ್ತಿದ ಕೈಯನ್ನು ನೋಡಿದ.

"ಕೇಳಿದ್ನಿ."

"ಎರಡೂ ಸಲ."

"ಎರಡೂ ಸಲ."

"ಕುರಿ ಅಕೀವು, ಅಕಿ ಹಂತೇಕ ಇರಲಿ," ಎಂದ ದೊಡ್ಡಪ್ಪ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. "ಅವು ಏನ ಮಾಡ್ಯಾವು. ನೀ ನಾಳಿ ಗ್ವಾಡಿ ಹಾಕ್ಕೋ. ನಾ ಇರೂಮಟ ನಾವಿಬ್ರೂ ಒಂದ ಹರಗೋಲದಾಗ ಕುಂಡ್ರೂದಿಲ್ಲ."

ಅವ್ವ ಒಳಗೆ ಕುಸಿದು ಕೂತದ್ದು ಕೇಳಿಸಿತು. ಅವಳ ಕುರಿ ಉಳಿದಿದ್ದವು. ದೊಡ್ಡಪ್ಪ ಕಂಬ ಹಿಡಿದು ಎದ್ದ. ಹೊರಗೆ ಹೋಗುವವನು ನನ್ನ ಮುಂದೆ ನಿಂತ, ಬಟ್ಟಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ ನನ್ನ ಕೈಯನ್ನು ನೋಡಿದ. ಯಾರಿಗೆ ಏನು ಹೇಳಬೇಕೋ ಎಂದು ನಾನು ಕಾದೆ.

"ಮಾಳವ್ವ," ಎಂದ. ನನ್ನ ಹೆಸರು ಅವನಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. "ಹೋಗಿ ಕೈ ತೊಳಕೋ."

ಆ ಮಾತು ಯಾರಿಗೂ ಮುಟ್ಟಿಸುವುದಾಗಿರಲಿಲ್ಲ, ನನಗೇ ಹೇಳಿದ್ದು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಸಿಟ್ಟೇ ಗೆದ್ದಿತು. ನಾನು ಏಳಲಿಲ್ಲ. ಮರುದಿನ ಗೋಡೆಗೆ ಮಣ್ಣು ಕಲಿಸುತ್ತಿದ್ದ ಅಪ್ಪನನ್ನು ದಾಟಿ, ಅದೇ ಹಳದಿ ಕೈಯಲ್ಲಿ ಪಾಟಿ ಹಿಡಿದುಕೊಂಡು ಸಾಲೆಗೆ ಹೋದೆ.